ಮಣ್ಣಿನ ಪುಟಗಳನ್ನು ಓದಿದವರು: ಸರ್ ಮಾರ್ಟಿಮರ್ ವ್ಹೀಲರ್

ನಮ್ಮ ರಾಯದುರ್ಗದ ಸೀಮೆಯಲ್ಲಿ ಬಾವಿ ತೋಡುವುದನ್ನು ನೋಡದ ಮಕ್ಕಳಿಲ್ಲ. ಮೇಲೆ ಒಂದೆರಡು ಮೊಳ ಎರೆಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಸುಣ್ಣದ ಹರಳು, ಆಮೇಲೆ ಕಲ್ಲು. ಬಾವಿಯ ದಡದಲ್ಲಿ ನಿಂತು ಬಗ್ಗಿ ನೋಡಿದರೆ ಈ ಪದರಗಳು ಸೀರೆಯ ಅಂಚಿನ ಪಟ್ಟಿಗಳ ಹಾಗೆ ಒಂದರ ಕೆಳಗೊಂದು ಕಾಣುತ್ತವೆ. ಮೇಲಿನದು ಹೊಸತು, ಕೆಳಗಿನದು ಹಳೆಯದು. ಇಷ್ಟು ತಿಳಿಯಲು ಯಾವ ಶಾಸ್ತ್ರವೂ ಬೇಡ. ಆದರೆ ಈ ಒಂದು ಸಾಮಾನ್ಯ ಮಾತನ್ನು ಹಿಡಿದುಕೊಂಡು ಬ್ರಿಟನ್ನಿನಲ್ಲಿ ರೋಮನ್ ಸೈನಿಕರ ಪಾಳೆಯಗಳ ಚರಿತ್ರೆಯನ್ನೂ, ನಮ್ಮ ನೆರೆಯ ಬ್ರಹ್ಮಗಿರಿಯ ಚರಿತ್ರೆಯನ್ನೂ ಓದಿ ತೋರಿಸಿದ ಒಬ್ಬ ಮಹನೀಯರಿದ್ದರು. ಅವರೇ ಸರ್ ಮಾರ್ಟಿಮರ್ ವ್ಹೀಲರ್. ಅವರ ಜೀವನವನ್ನು ಈ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಪರಿಚಯ ಮಾಡಿಕೊಡಲು ನಾವು ಬಯಸಿದ್ದೇವೆ.

ವ್ಹೀಲರರು ಹುಟ್ಟಿದ್ದು 1890ನೆಯ ಇಸವಿ ಸೆಪ್ಟೆಂಬರ್ 10ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಪತ್ರಿಕೋದ್ಯೋಗಿ. ಮನೆಯಲ್ಲಿ ಹಣಕ್ಕೆ ಸಮೃದ್ಧಿಯಿರಲಿಲ್ಲ, ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಮಗು ಚಿಕ್ಕದಿರುವಾಗಲೇ ಕುಟುಂಬವು ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬಂದು ನೆಲೆಸಿತು. ತಂದೆ ಮಗನನ್ನು ಜೊತೆಗೆ ಕರೆದುಕೊಂಡು ಆ ಸೀಮೆಯ ಬಯಲುಗಳಲ್ಲಿ ಮೈಲಿಗಟ್ಟಲೆ ನಡೆಯುತ್ತಿದ್ದರು. ಬಾಲಕ ಬ್ರಾಡ್‌ಫರ್ಡಿನ ಶಾಲೆಯಲ್ಲಿ ಓದಿದ. 1905ರಲ್ಲಿ ಕುಟುಂಬವು ಲಂಡನ್ನಿಗೆ ಹೋದ ಮೇಲೆ ಅವನನ್ನು ಯಾವ ಶಾಲೆಗೂ ಸೇರಿಸಲಿಲ್ಲ. ಅಲ್ಲಿನ ವಸ್ತುಸಂಗ್ರಹಾಲಯಗಳೂ ಚಿತ್ರಶಾಲೆಗಳೂ ಅವನ ಪಾಠಶಾಲೆಗಳಾದವು. ಒಬ್ಬನೇ ಹೋಗುವುದು, ಒಬ್ಬನೇ ನೋಡುವುದು, ತಾನೇ ಯೋಚಿಸುವುದು. ಮುಂದೆ ಅವರಲ್ಲಿ ಕಂಡುಬಂದ ಸ್ವತಂತ್ರ ಬುದ್ಧಿಗೆ ಆ ದಿನಗಳೇ ಬುನಾದಿಯಾಗಿರಬೇಕೆಂದು ನಮಗೆ ತೋರುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. ಚಿತ್ರಕಾರನಾಗಬೇಕೆಂಬುದು ಅವರ ಎಳೆಯ ವಯಸ್ಸಿನ ಹಂಬಲ. ಕೆಲಕಾಲ ಚಿತ್ರಕಲೆಯನ್ನು ಕಲಿತೂ ಕಲಿತರು. ತಾವು ಉತ್ತಮ ದರ್ಜೆಯ ಚಿತ್ರಕಾರರಾಗಲಾರೆವೆಂದು ಕಂಡುಕೊಂಡು ಆ ದಾರಿಯನ್ನು ಬಿಟ್ಟರು. ಆದರೆ ಕಲಿತದ್ದು ವ್ಯರ್ಥವಾಗಲಿಲ್ಲ. ಮುಂದೆ ಅವರು ಬರೆದ ಅಗೆತದ ನಕ್ಷೆಗಳು ಇಂದಿಗೂ ಆ ಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾದರಿಯಾಗಿವೆ. ಕಲಿತ ವಿದ್ಯೆ ಒಂದಲ್ಲ ಒಂದು ದಿನ ಕೈಹಿಡಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

1913ರಲ್ಲಿ ರೋಮನ್ ಕಾಲದ ಮಡಿಕೆಗಳನ್ನು ಅಭ್ಯಾಸ ಮಾಡಲು ಅವರಿಗೊಂದು ವಿದ್ಯಾರ್ಥಿವೇತನ ದೊರೆಯಿತು. ಅದೇ ವರ್ಷ ಇಂಗ್ಲೆಂಡಿನ ರಾಕ್ಸಿಟರ್ ಎಂಬಲ್ಲಿ ನಡೆಯುತ್ತಿದ್ದ ಅಗೆತದಲ್ಲಿ ಅವರು ಕೆಲಸ ಕಲಿತರು. ಅದು ಮೊದಲು ರೋಮನ್ ಸೈನ್ಯದ ಕೋಟೆಯಾಗಿದ್ದು ಆಮೇಲೆ ಪಟ್ಟಣವಾಗಿ ಬೆಳೆದ ಸ್ಥಳ. ಅಲ್ಲಿ ವ್ಹೀಲರರೂ ಸೇರಿ ಐವರು ವಿದ್ಯಾರ್ಥಿಗಳು ಒಟ್ಟಿಗೆ ದುಡಿದರು. ಎಲ್ಲರೂ ಇಪ್ಪತ್ತರ ಆಸುಪಾಸಿನ ಹುಡುಗರು, ಎಲ್ಲರಿಗೂ ಈ ಶಾಸ್ತ್ರದಲ್ಲಿ ಮುಂದೆ ಬರುವ ಆಸೆ. ಮರುವರ್ಷ, 1914ರಲ್ಲಿ, ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಹುಡುಗರು ಸೈನ್ಯಕ್ಕೆ ಹೋದರು. ವ್ಹೀಲರರು ಫಿರಂಗಿದಳದ ಅಧಿಕಾರಿಯಾದರು. 1917ರಲ್ಲಿ ಬೆಲ್ಜಿಯಮ್ಮಿನ ಪಾಶೆಂಡೇಲಿನ ಕೆಸರಿನಲ್ಲಿ ಹೋರಾಡಿದರು. 1918ರಲ್ಲಿ ತೋರಿದ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಎಂಬ ಪದಕವನ್ನು ಪಡೆದರು. ಯುದ್ಧ ಮುಗಿದು ಲೆಕ್ಕ ಹಾಕಿದಾಗ ಆ ಐವರಲ್ಲಿ ಉಳಿದವರು ಒಬ್ಬರೇ. ಅದು ವ್ಹೀಲರರು.

ಈ ಸಂಗತಿಯನ್ನು ಅವರು ಸಾಯುವ ತನಕ ಮರೆಯಲಿಲ್ಲ. ನಾಲ್ವರು ಮಾಡಬೇಕಾಗಿದ್ದ ಕೆಲಸವೂ ಒಬ್ಬನ ಹೆಗಲಿಗೆ ಬಿದ್ದಿದೆಯೆಂಬಂತೆ ಅವರು ದುಡಿದರು. ಅವರ ಆತುರ, ಅವರ ಗಡಸು ಮಾತು, ಒಂದು ನಿಮಿಷವನ್ನೂ ಪೋಲುಮಾಡದ ಶಿಸ್ತು, ಎಳೆಯರನ್ನು ತರಬೇತು ಮಾಡುವುದರಲ್ಲಿದ್ದ ಹಠ, ಇವೆಲ್ಲಕ್ಕೂ ಬೇರು ಇಲ್ಲಿದೆಯೆಂದು ನಾವು ತಿಳಿಯುತ್ತೇವೆ. ಒಂದು ತಲೆಮಾರಿನ ವಿದ್ವಾಂಸರೆಲ್ಲ ಯುದ್ಧದಲ್ಲಿ ಮಡಿದಿದ್ದರು. ಕಲಿಸಲು ಹಿರಿಯರು ಸಾಲದು, ಕಲಿತ ಕಿರಿಯರು ಇಲ್ಲ. ಕೊಂಡಿ ಕಳಚಿಹೋಗಿತ್ತು. ಅದನ್ನು ಮತ್ತೆ ಕೂಡಿಸಬೇಕಾಗಿತ್ತು.

ಯುದ್ಧಕ್ಕೆ ಸ್ವಲ್ಪ ಮುಂಚೆ ಅವರು ಟೆಸ್ಸಾ ವರ್ನಿ ಎಂಬಾಕೆಯನ್ನು ಮದುವೆಯಾಗಿದ್ದರು. ಟೆಸ್ಸಾ 1893ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದವರು, ಅದೇ ಕಾಲೇಜಿನಲ್ಲಿ ಓದಿದವರು. ಈಕೆಯ ಹೆಸರನ್ನು ಓದುಗರು ನೆನಪಿಡಬೇಕು. ವ್ಹೀಲರರ ಕೀರ್ತಿಯ ಕಟ್ಟಡದಲ್ಲಿ ಅರ್ಧ ಕಲ್ಲುಗಳು ಈಕೆ ಹೊತ್ತು ತಂದವು.

1920ರಲ್ಲಿ ವ್ಹೀಲರರು ವೇಲ್ಸ್ ನಾಡಿನ ಕಾರ್ಡಿಫ್ ನಗರಕ್ಕೆ ಹೋದರು. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರಾಚ್ಯವಸ್ತುಗಳ ಪಾಲಕರಾಗಿ, 1924ರಲ್ಲಿ ಅದರ ನಿರ್ದೇಶಕರಾದರು. ಅವರು ಹೋದಾಗ ಕಟ್ಟಡ ಅರ್ಧಕ್ಕೆ ನಿಂತಿತ್ತು, ಸಾಲ ಬೆಳೆದಿತ್ತು. ಅವರು ಸರ್ಕಾರದ ಹಾಗೂ ಧನಿಕರ ಬಾಗಿಲು ತಟ್ಟಿ ಹಣ ಕೂಡಿಸಿದರು. ಬೇಸಗೆ ಬಂದಾಗಲೆಲ್ಲ ದಂಪತಿಗಳಿಬ್ಬರೂ ರೋಮನ್ ಪಾಳೆಯಗಳನ್ನು ಅಗೆಯಲು ಹೊರಡುತ್ತಿದ್ದರು.

ಇಲ್ಲಿ ರೋಮನ್ ಪಾಳೆಯವೆಂದರೇನು ಎಂಬುದನ್ನು ನಮ್ಮ ಕಿರಿಯ ಓದುಗರಿಗೆ ತಿಳಿಸಬೇಕು. ಕ್ರಿ.ಶ. 43ರಲ್ಲಿ ರೋಮನ್ನರು ಬ್ರಿಟನ್ನಿನ ಮೇಲೆ ದಂಡೆತ್ತಿ ಹೋದರು. ಗೆದ್ದ ನಾಡನ್ನು ಹಿಡಿದಿಡಲು ಅಲ್ಲಲ್ಲಿ ಸೈನ್ಯದ ಬೀಡುಗಳನ್ನು ಕಟ್ಟಿದರು. ನಮ್ಮ ರಾಯದುರ್ಗದ ಕೋಟೆಯಂತೆ ಅವು ಬೆಟ್ಟದ ಮೈಗೆ ಹೊಂದಿಕೊಂಡು ಬೆಳೆದವಲ್ಲ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರೆದಂಥವು. ಆಯಾಕಾರದ ನೆಲ, ದುಂಡಗಿನ ಮೂಲೆಗಳು, ಸುತ್ತಲೂ ಕಂದಕ ಮತ್ತು ಒಡ್ಡು, ನಾಲ್ಕು ಕಡೆ ನಾಲ್ಕು ಬಾಗಿಲು. ನಡುವೆ ದಂಡನಾಯಕನ ಕಛೇರಿ, ಅದರ ಸುತ್ತ ಗೆರೆ ಹಿಡಿದಂತೆ ಬೀದಿಗಳು, ಸೈನಿಕರು ಮಲಗುವ ಉದ್ದನೆಯ ಸಾಲುಮನೆಗಳು, ಕಣಜಗಳು, ಸ್ನಾನಗೃಹಗಳು. ಒಂದು ಪಾಳೆಯದಿಂದ ಇನ್ನೊಂದು ಪಾಳೆಯಕ್ಕೆ ಹೋದ ಸೈನಿಕ ಕತ್ತಲಲ್ಲಿಯೂ ತನ್ನ ಜಾಗವನ್ನು ಕಂಡುಕೊಳ್ಳಬಹುದಾಗಿತ್ತು.

ವ್ಹೀಲರ್ ದಂಪತಿಗಳು ಮೊದಲು ಅಗೆದದ್ದು ಉತ್ತರ ವೇಲ್ಸಿನ ಸೆಗಾಂಟಿಯಮ್ ಎಂಬ ಕೋಟೆಯನ್ನು. ಆಮೇಲೆ 1924 ಮತ್ತು 1925ರಲ್ಲಿ ಬ್ರೆಕನ್ ಊರಿನ ಬಳಿಯ ಕೋಟೆಯನ್ನು. ಇಲ್ಲಿ ಒಂದು ಕಾಲಕ್ಕೆ ಸ್ಪೇನ್ ದೇಶದಿಂದ ಬಂದ ಕುದುರೆ ಸವಾರರ ದಳ ಬೀಡುಬಿಟ್ಟಿತ್ತು. ಯಾವ ಗೋಡೆ ಯಾವಾಗ ಎದ್ದಿತು, ಯಾವಾಗ ಬಿದ್ದಿತು, ಯಾವಾಗ ಮತ್ತೆ ಕಟ್ಟಿದರು ಎಂಬುದನ್ನು ಅವರು ಮಣ್ಣಿನ ಪದರ, ಮಡಿಕೆಯ ಚೂರು ಮತ್ತು ನಾಣ್ಯಗಳಿಂದ ಓದಿದರು. ಅದಕ್ಕೆ ಮುಂಚೆ ಅನೇಕರು ಗೋಡೆ ಸಿಕ್ಕಿತೆಂದರೆ ಅದರ ಪಕ್ಕದ ಮಣ್ಣನ್ನೆಲ್ಲ ಬಾಚಿ ಎಸೆದು ಗೋಡೆಯನ್ನಷ್ಟೇ ಬಯಲಿಗೆಳೆಯುತ್ತಿದ್ದರು. ಹಾಗೆ ಮಾಡಿದರೆ ಗೋಡೆಯೇನೋ ಸಿಗುತ್ತದೆ, ಆದರೆ ಅದರ ಕಾಲವನ್ನು ಹೇಳುವ ಸಾಕ್ಷಿ ಮಣ್ಣಿನ ಗುಡ್ಡೆಗೆ ಹೋಗುತ್ತದೆ. ಗೋಡೆಗಿಂತ ಅದನ್ನು ಅಪ್ಪಿಕೊಂಡ ಮಣ್ಣೇ ಹೆಚ್ಚು ಮಾತಾಡುತ್ತದೆಂಬುದು ವ್ಹೀಲರರ ನಿಲುವು.

ಇವೆಲ್ಲಕ್ಕೂ ಹೆಸರಾದದ್ದು ದಕ್ಷಿಣ ವೇಲ್ಸಿನ ಕಾರ್ಲಿಯನ್. ಅಸ್ಕ್ ನದಿಯ ದಡದಲ್ಲಿ ಕ್ರಿ.ಶ. 75ರ ಸುಮಾರಿಗೆ ರೋಮಿನ ಎರಡನೆಯ ಅಗಸ್ಟಾ ಲೀಜನ್ ಎಂಬ ಸೇನೆ ಅಲ್ಲಿ ನೆಲೆಯೂರಿತು. ಸುಮಾರು 50 ಎಕರೆ ನೆಲ, 5,000ಕ್ಕೂ ಹೆಚ್ಚು ಸೈನಿಕರು. ಎರಡು ನೂರು ವರ್ಷಗಳಷ್ಟು ಕಾಲ ಅದು ಆ ಸೇನೆಯ ಮನೆಯಾಗಿತ್ತು. ಊರಿನ ಹೆಸರಿನ ಅರ್ಥವೇ ಸೇನೆಯ ಕೋಟೆ ಎಂದು. ಕೋಟೆಯ ಗೋಡೆಯ ಹೊರಗೆ ಹುಲ್ಲು ಬೆಳೆದ ಒಂದು ದೊಡ್ಡ ದುಂಡನೆಯ ತಗ್ಗು ಇತ್ತು. ಅದು ಕಥೆಗಳ ಅರಸನಾದ ಆರ್ಥರನ ದುಂಡು ಮೇಜೆಂದು ಊರ ಜನ ನಂಬಿದ್ದರು. ನಮ್ಮಲ್ಲಿ ಪ್ರತಿಯೊಂದು ಹಳೆಯ ಕಲ್ಲುಮನೆಯನ್ನೂ ಪಾಂಡವರ ಮನೆಯೆನ್ನುವುದಿಲ್ಲವೆ, ಅದೇ ರೀತಿ.

ವ್ಹೀಲರರಿಗೆ ಅದು ಏನೆಂಬುದು ತಿಳಿದಿತ್ತು. ಹಣ ಮಾತ್ರ ಇರಲಿಲ್ಲ. ಅವರು ಆರ್ಥರನ ಹೆಸರನ್ನೇ ಉಪಯೋಗಿಸಿಕೊಂಡು ಲಂಡನ್ನಿನ ಒಂದು ಪ್ರಸಿದ್ಧ ದಿನಪತ್ರಿಕೆಯಿಂದ ಸಹಾಯಧನ ಪಡೆದರು. 1926ರಲ್ಲಿ ಅಗೆತ ಆರಂಭವಾಯಿತು. ಆದರೆ ಅದೇ ವರ್ಷ ಅವರಿಗೆ ಲಂಡನ್ ವಸ್ತುಸಂಗ್ರಹಾಲಯದ ಪಾಲಕರ ಹುದ್ದೆ ಬಂದು ಅವರು ಹೊರಟುಹೋಗಬೇಕಾಯಿತು. ಹಿಡಿದ ಕೆಲಸವನ್ನು ಮುಂದುವರಿಸಿದವರು ಟೆಸ್ಸಾ. ಕೂಲಿಗಳ ಲೆಕ್ಕ, ಅಳತೆ, ನಕ್ಷೆ, ಸಿಕ್ಕ ವಸ್ತುಗಳ ಪಟ್ಟಿ, ನೋಡಲು ಬಂದ ಜನರ ಗದ್ದಲ, ಎಲ್ಲವನ್ನೂ ನಿಭಾಯಿಸಿ 1927ರ ವೇಳೆಗೆ ಆಕೆ ಅದನ್ನು ಪೂರೈಸಿದರು.

ಹುಲ್ಲಿನಡಿಯಿಂದ ಎದ್ದು ಬಂದದ್ದು ಆರ್ಥರನ ಮೇಜಲ್ಲ. ಸುಮಾರು ಕ್ರಿ.ಶ. 90ರಲ್ಲಿ ಸೈನಿಕರು ಕಟ್ಟಿಕೊಂಡ ಅಂಡಾಕಾರದ ರಂಗಸ್ಥಳ. ಸುತ್ತಲೂ ಮಣ್ಣಿನ ದಿಣ್ಣೆ, ಅದಕ್ಕೆ ಕಲ್ಲಿನ ಗೋಡೆಯ ಆಸರೆ, ಎಂಟು ಬಾಗಿಲುಗಳು, ಸುಮಾರು 6,000 ಜನ ಕುಳಿತುಕೊಳ್ಳುವಷ್ಟು ಜಾಗ. ಸೈನಿಕರ ಕವಾಯತೂ, ಮನುಷ್ಯರು ಮೃಗಗಳ ಕ್ರೂರ ಕಾಳಗಗಳೂ ಇಂಥ ಕಡೆಗಳಲ್ಲಿ ನಡೆಯುತ್ತಿದ್ದವು. ಗೋಡೆಯ ಕೆಲವು ಕಲ್ಲುಗಳ ಮೇಲೆ ಅಕ್ಷರಗಳು ಕಂಡವು. ಯಾವ ಭಾಗವನ್ನು ಯಾವ ತುಕಡಿಯವರು ಕಟ್ಟಿದರೆಂಬುದನ್ನು ಅವರು ಕೆತ್ತಿಟ್ಟಿದ್ದರು. ದುಡಿದವರು ತಮ್ಮ ಗುರುತು ಬಿಟ್ಟುಹೋಗಿದ್ದರು. ಇಂದಿಗೂ ವೇಲ್ಸಿಗೆ ಹೋದವರು ಆ ರಂಗಸ್ಥಳವನ್ನೂ, ಅದರ ಹತ್ತಿರವೇ ಸೈನಿಕರು ಮಲಗುತ್ತಿದ್ದ ಸಾಲುಮನೆಗಳ ತಳಪಾಯವನ್ನೂ ನೋಡಬಹುದು.

ಆ ಅಗೆತದ ವರದಿ ದಂಪತಿಗಳಿಬ್ಬರ ಹೆಸರಿನಲ್ಲಿಯೂ ಪ್ರಕಟವಾಯಿತು. 1928ರಲ್ಲಿ ಲಂಡನ್ನಿನ ಪ್ರಾಚೀನ ಶೋಧಕರ ಸಂಘವು ಟೆಸ್ಸಾ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಹೆಂಗಸರಿಗೆ ಅಂಥ ಮನ್ನಣೆ ಅಪರೂಪವಾಗಿದ್ದ ಕಾಲ ಅದು. ಆದರೂ ಜಗತ್ತು ಬಹುಕಾಲ ನೆನೆದದ್ದು ಗಂಡನ ಹೆಸರನ್ನು ಮಾತ್ರ. ರೋಮನ್ ಸೈನಿಕನಿಗೆ ಕಲ್ಲಿನಲ್ಲಿ ಸಿಕ್ಕಿದ ಸ್ಥಾನ ಟೆಸ್ಸಾ ಅವರಿಗೆ ಜನರ ನೆನಪಿನಲ್ಲಿ ಸಿಗಲು ತಡವಾಯಿತು.

ಆ ಮೇಲಿನ ವರ್ಷಗಳಲ್ಲಿ ಅವರಿಬ್ಬರೂ 1930ರಿಂದ ವೆರುಲೇಮಿಯಮ್ ಎಂಬ ರೋಮನ್ ಪಟ್ಟಣವನ್ನೂ, 1934ರಿಂದ ಮೇಡನ್ ಕ್ಯಾಸಲ್ ಎಂಬ ಗುಡ್ಡದ ಕೋಟೆಯನ್ನೂ ಅಗೆದರು. ನೆಲವನ್ನು ಚದುರಂಗದ ಮನೆಗಳಂತೆ ಚೌಕಗಳಾಗಿ ವಿಂಗಡಿಸಿ, ಚೌಕದಿಂದ ಚೌಕಕ್ಕೆ ನಡುವೆ ಒಂದು ಮಣ್ಣಿನ ಬದು ಬಿಟ್ಟು ಅಗೆಯುವ ಪದ್ಧತಿ ಈ ಕಾಲದಲ್ಲಿ ರೂಪುಗೊಂಡಿತು. ಹೊಲದ ಬದುವಿನಂತೆ ಆ ಬದುವೂ ಒಂದು ಸಾಕ್ಷಿ. ಚೌಕದ ಮಣ್ಣು ಹೋದ ಮೇಲೂ ಬದುವಿನ ಪಕ್ಕದಲ್ಲಿ ಎಲ್ಲ ಪದರಗಳೂ ಹಾಗೆಯೇ ನಿಂತಿರುತ್ತವೆ. ಸಂದೇಹ ಬಂದಾಗ ಹೋಗಿ ನೋಡಬಹುದು.

ಎಳೆಯರಿಗೆ ಈ ಶಾಸ್ತ್ರವನ್ನು ಕಲಿಸಲು ಲಂಡನ್ನಿನಲ್ಲಿ ಒಂದು ಸಂಸ್ಥೆ ಬೇಕೆಂಬುದು ದಂಪತಿಗಳ ಬಹುದಿನದ ಕನಸು. ಅದಕ್ಕಾಗಿ ಹಣ ಬೇಡಿದರು, ಜಾಗ ಹುಡುಕಿದರು. 1936ರ ಏಪ್ರಿಲಿನಲ್ಲಿ ವ್ಹೀಲರರು ಪಶ್ಚಿಮ ಏಷ್ಯದ ಪ್ರವಾಸದಲ್ಲಿದ್ದಾಗ ಟೆಸ್ಸಾ ಅವರು ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ಅನಂತರ ಹಠಾತ್ತನೆ ತೀರಿಕೊಂಡರು. ವಯಸ್ಸು ಇನ್ನೂ 43. ಮನೆಗೆ ಮರಳುವ ದಾರಿಯಲ್ಲಿದ್ದ ಗಂಡನಿಗೆ ಆ ಸುದ್ದಿ ತಿಳಿದದ್ದು ವೃತ್ತಪತ್ರಿಕೆಯಿಂದ. ಮರುವರ್ಷ, 1937ರಲ್ಲಿ, ಸಂಸ್ಥೆಯ ಬಾಗಿಲು ತೆರೆಯಿತು. ಅದನ್ನು ನೋಡಲು ಟೆಸ್ಸಾ ಇರಲಿಲ್ಲ. ಕಟ್ಟಿದವರು ಗೃಹಪ್ರವೇಶಕ್ಕಿಲ್ಲದ ಮನೆಗಳು ಲೋಕದಲ್ಲಿ ಎಷ್ಟೋ ಇವೆ.

ಎರಡನೆಯ ಮಹಾಯುದ್ಧ ಬಂತು. ವ್ಹೀಲರರಿಗೆ ಆಗ ಐವತ್ತರ ಹತ್ತಿರ. ಆದರೂ ತಾವೇ ಜನ ಕೂಡಿಸಿ ವಿಮಾನವಿರೋಧಿ ಫಿರಂಗಿದಳವೊಂದನ್ನು ಕಟ್ಟಿ ಉತ್ತರ ಆಫ್ರಿಕಕ್ಕೆ ಹೋದರು. 1942ರ ಎಲ್ ಅಲಮೀನ್ ಯುದ್ಧದಲ್ಲಿದ್ದರು. ಸೈನ್ಯ ಲಿಬಿಯವನ್ನು ಹಿಡಿದಾಗ ಅಲ್ಲಿನ ಲೆಪ್ಟಿಸ್ ಮ್ಯಾಗ್ನಾ ಮುಂತಾದ ರೋಮನ್ ನಗರಗಳ ಅವಶೇಷಗಳಿಗೆ ತಮ್ಮ ಸೈನ್ಯದಿಂದಲೇ ಹಾನಿಯಾಗದಂತೆ ಕಾವಲಿನ ಏರ್ಪಾಟು ಮಾಡಿದರು. ಕೈಯಲ್ಲಿ ಫಿರಂಗಿಯಿದ್ದರೂ ಕಣ್ಣು ಹಳೆಯ ಕಲ್ಲುಗಳ ಮೇಲಿತ್ತು. 1943ರಲ್ಲಿ ಅವರು ಯುದ್ಧಭೂಮಿಯಲ್ಲಿರುವಾಗಲೇ ಭಾರತದ ಪ್ರಾಚ್ಯವಸ್ತು ಇಲಾಖೆಯ ಮಹಾನಿರ್ದೇಶಕರಾಗಿ ಬರಬೇಕೆಂಬ ಆಹ್ವಾನ ಬಂತು. ಇಟಲಿಯ ಸಲೆರ್ನೋ ದಂಡಯಾತ್ರೆಯನ್ನು ಮುಗಿಸಿಕೊಂಡು 1944ರಲ್ಲಿ ಅವರು ಭಾರತಕ್ಕೆ ಬಂದಿಳಿದರು.

ಇಲ್ಲಿಗೆ ಬಂದವರೇ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಪಾಠಶಾಲೆಯನ್ನು ತೆರೆದದ್ದು. 1944ರಲ್ಲಿ ತಕ್ಷಶಿಲೆಯ ಬಯಲಿನಲ್ಲಿ ಗುಡಾರ ಹಾಕಿಸಿ ದೇಶದ ನಾನಾ ಕಡೆಗಳಿಂದ ಬಂದ ತರುಣರಿಗೆ ಅಗೆಯುವುದನ್ನೂ ಅಳೆಯುವುದನ್ನೂ ಬರೆಯುವುದನ್ನೂ ಕಲಿಸಿದರು. ಬೆಳಕು ಹರಿಯುವ ಮೊದಲೇ ಕೆಲಸ ಆರಂಭ. ಕಂದಕದ ಗೋಡೆ ನೂಲು ಹಿಡಿದಂತೆ ನೇರವಾಗಿರಬೇಕು. ಪದರ ಪದರಕ್ಕೂ ಸಂಖ್ಯೆಯ ಚೀಟಿ ಇರಬೇಕು. ತಪ್ಪಿದರೆ ಎಲ್ಲರೆದುರಿಗೇ ಗದರಿಕೆ. ಅವರನ್ನು ಕಂಡರೆ ಶಿಷ್ಯರಿಗೆ ಭಯ. ಆದರೆ ಆ ಶಿಷ್ಯರಲ್ಲಿ ಬಿ. ಬಿ. ಲಾಲ್, ಬಿ. ಕೆ. ಥಾಪರ್ ಅವರಂಥವರು ಮುಂದೆ ಸ್ವತಂತ್ರ ಭಾರತದಲ್ಲಿ ಅದೇ ಇಲಾಖೆಯ ಮಹಾನಿರ್ದೇಶಕರಾದರೆಂಬುದನ್ನು ನೆನೆದರೆ ಆ ಗದರಿಕೆ ಫಲಿಸಿತೆನ್ನಬೇಕು.

ದಕ್ಷಿಣ ಭಾರತದ ಹಳೆಯ ಚರಿತ್ರೆಗೆ ಆಗ ಒಂದು ದೊಡ್ಡ ಕೊರತೆಯಿತ್ತು. ನಮ್ಮ ಸೀಮೆಯಲ್ಲಿ ಕಲ್ಲುವೃತ್ತಗಳು, ಕಲ್ಲಿನ ಸಮಾಧಿಗಳು, ನುಣುಪಾದ ಕಲ್ಲುಕೊಡಲಿಗಳು, ಕಪ್ಪು ಕೆಂಪು ಮಡಿಕೆಗಳು ಬೇಕಾದಷ್ಟು ಸಿಗುತ್ತಿದ್ದವು. ಆದರೆ ಅವು ಯಾವ ಕಾಲದವು? ತಾರೀಖು ಬರೆದಿಟ್ಟವರಿಲ್ಲ. ಎಲ್ಲಿಯಾದರೂ ಒಂದು ಕಡೆ ಕಾಲ ತಿಳಿದಿರುವ ವಸ್ತು, ಕಾಲ ತಿಳಿಯದ ವಸ್ತುವಿನ ಜೊತೆಗೆ ಒಂದೇ ಪದರದಲ್ಲಿ ಸಿಕ್ಕಬೇಕು. ಆಗ ಒಂದರಿಂದ ಇನ್ನೊಂದನ್ನು ಹೇಳಬಹುದು.

ಆ ಬೀಗದ ಕೈ ಸಿಕ್ಕಿದ್ದು ಮದರಾಸಿನ ವಸ್ತುಸಂಗ್ರಹಾಲಯದ ಒಂದು ಬೀರುವಿನಲ್ಲಿ. 1944ರಲ್ಲಿ ಅಲ್ಲಿಗೆ ಭೇಟಿಯಿತ್ತ ವ್ಹೀಲರರು ಒಂದು ಮಡಿಕೆಯ ಒಡೆದ ಕತ್ತನ್ನೂ ಹಿಡಿಯನ್ನೂ ಕಂಡರು. ಬೇರೆಯವರಿಗೆ ಅದು ಹಳೆಯ ಓಡು. ವೇಲ್ಸಿನಲ್ಲಿ ರೋಮನ್ ಮಡಿಕೆಗಳನ್ನು ಕೈಯಾರೆ ಎತ್ತಿ ಬಲ್ಲವರಿಗೆ ಅದು ಮೆಡಿಟರೇನಿಯನ್ ಕಡಲಿನ ಕಡೆಯಿಂದ ದ್ರಾಕ್ಷಾರಸ ತುಂಬಿಕೊಂಡು ಬಂದ ಪಾತ್ರೆ. ಅದು ಪುದುಚೇರಿಯ ಬಳಿಯ ಅರಿಕಮೇಡು ಎಂಬಲ್ಲಿ ಸಿಕ್ಕಿದ್ದು. ಅಲ್ಲಿ ಆಗ ಫ್ರೆಂಚರ ಆಳ್ವಿಕೆ. ಅವರ ಸಮ್ಮತಿ ಪಡೆದು 1945ರ ಉರಿಬೇಸಗೆಯಲ್ಲಿ ವ್ಹೀಲರರು ಅಲ್ಲಿ ಅಗೆದರು. ಕೆಳಗಿನ ಪದರಗಳು ಸಮುದ್ರಮಟ್ಟಕ್ಕಿಂತಲೂ ಆಳದಲ್ಲಿದ್ದವು. ಅಲ್ಲಿ ಇಟಲಿಯ ಅರೆಟ್ಸೊ ನಗರದ ಹೆಸರಿನಿಂದ ಕರೆಯುವ ಕೆಂಪು ಮಡಿಕೆಯ ಚೂರುಗಳು, ಕುಂಬಾರರ ಮುದ್ರೆಗಳ ಸಮೇತ ದೊರೆತವು. ಅವು ಕ್ರಿ.ಶ. ಒಂದನೆಯ ಶತಮಾನದ ಪೂರ್ವಾರ್ಧದವೆಂಬುದು ಯೂರೋಪಿನ ಪಾಳೆಯಗಳಲ್ಲಿ ಮೊದಲೇ ಗೊತ್ತಾಗಿತ್ತು. ಅವುಗಳ ಜೊತೆಗೇ ಒಳಮೈಯಲ್ಲಿ ಚಿಕ್ಕ ಚಿಕ್ಕ ಗೀರುಗಳ ಸುತ್ತುಪಟ್ಟಿಯಿರುವ ಒಂದು ಬಗೆಯ ನಯವಾದ ಮಡಿಕೆಯ ಚೂರುಗಳೂ ಇದ್ದವು. ಹಾಗಾದರೆ ಇವುಗಳ ಕಾಲವೂ ತಿಳಿದಂತಾಯಿತು.

ಅದೇ ಬಗೆಯ ಚೂರುಗಳು ಇನ್ನೆಲ್ಲಿ ಸಿಗುತ್ತವೆ? ಈ ಪ್ರಶ್ನೆ ಅವರನ್ನು ನಮ್ಮ ಬಾಗಿಲಿಗೆ ಕರೆತಂದಿತು.

ಬ್ರಹ್ಮಗಿರಿ ನಮಗೆ ಹೊಸತಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು ನಮ್ಮ ತಾಲ್ಲೂಕಿಗೆ ಅಂಟಿಕೊಂಡೇ ಇದೆ. ಜಟಿಂಗ ರಾಮೇಶ್ವರನ ಬೆಟ್ಟವನ್ನು ಹತ್ತಿದವರು ನಮ್ಮಲ್ಲಿ ಅನೇಕರು. ಆ ಪ್ರದೇಶದಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದಿದ್ದರು. ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅದು. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ, ಅನಂತರ ಬ್ರಹ್ಮಗಿರಿಯಲ್ಲಿಯೂ ಅಗೆದು ದಾರಿ ತೋರಿದ್ದರು. ಚಂದ್ರವಳ್ಳಿಯ ನೆಲದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಸಿಕ್ಕಿವೆ. ಕಾರ್ಲಿಯನ್ನಿನ ಸೈನಿಕ ಸಂಬಳವಾಗಿ ಎಣಿಸಿಕೊಳ್ಳುತ್ತಿದ್ದುದು ಇದೇ ಜಾತಿಯ ಬೆಳ್ಳಿಯನ್ನು. ಒಂದು ಸಾಮ್ರಾಜ್ಯದ ಪಡುವಣ ತುದಿಯಲ್ಲಿ ನಡೆಯುತ್ತಿದ್ದ ಹಣ, ಆ ಸಾಮ್ರಾಜ್ಯದ ಎಲ್ಲೆಯನ್ನೂ ದಾಟಿ ಕಡಲು ಹಾಯ್ದು ನಮ್ಮ ಬೆಟ್ಟಗಳ ನಡುವೆ ಬಂದು ಬಿದ್ದಿತ್ತು. ಇಲ್ಲಿಗೆ ಬಂದದ್ದು ರೋಮಿನ ಸೈನ್ಯವಲ್ಲ, ವ್ಯಾಪಾರ.

1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವು ತಿಂಗಳ ಮುಂಚೆ, ವ್ಹೀಲರರು ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಅಗೆತ ನಡೆಸಿದರು. ಬ್ರಹ್ಮಗಿರಿಯ ಮಣ್ಣಿನಲ್ಲಿ ಮೂರು ಅಧ್ಯಾಯಗಳು ಕಂಡುಬಂದವು. ಎಲ್ಲಕ್ಕಿಂತ ಕೆಳಗೆ ಕಲ್ಲುಕೊಡಲಿಗಳ ಜನ. ಅವರು ತೀರಿಕೊಂಡ ಎಳೆಗೂಸುಗಳನ್ನು ಮಡಿಕೆಯಲ್ಲಿಟ್ಟು ಹೂಳುತ್ತಿದ್ದರು. ಅದರ ಮೇಲೆ ಕಬ್ಬಿಣ ಬಲ್ಲ ಜನ. ದೊಡ್ಡ ಕಲ್ಲುಚಪ್ಪಡಿಗಳ ಸಮಾಧಿ ಕಟ್ಟಿ, ಅದಕ್ಕೊಂದು ದುಂಡನೆಯ ಕಂಡಿ ಬಿಟ್ಟು, ಸುತ್ತಲೂ ಕಲ್ಲುವೃತ್ತ ಇಡುತ್ತಿದ್ದವರು ಇವರು. ಎಲ್ಲಕ್ಕಿಂತ ಮೇಲೆ ಶಾತವಾಹನರ ಕಾಲದ ಜನ. ಈ ಮೇಲಿನ ಪದರದಲ್ಲಿ ಅರಿಕಮೇಡಿನಲ್ಲಿ ಕಂಡ ಆ ಸುತ್ತುಪಟ್ಟಿಯ ಮಡಿಕೆ ಸಿಕ್ಕಿತು. ಹೀಗೆ ಇಟಲಿಯ ಕುಂಬಾರನೊಬ್ಬನ ಮುದ್ರೆ, ಪುದುಚೇರಿಯ ಮೂಲಕ, ಮೊಳಕಾಲ್ಮೂರಿನ ಕಲ್ಲುವೃತ್ತಗಳಿಗೆ ಮೊತ್ತಮೊದಲ ಬಾರಿಗೆ ಒಂದು ಕಾಲವನ್ನು ಕೊಟ್ಟಿತು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಅಂದು ಮೊದಲ ಮೆಟ್ಟಿಲು ಬಿತ್ತು.

ವ್ಹೀಲರರು ದೋಷವಿಲ್ಲದವರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅವರು ಕಲಿಸಿದ ಪಾಠಕ್ಕೇ ದ್ರೋಹವಾದೀತು. ಸಾಕ್ಷಿ ಒಂದು ಹೆಜ್ಜೆ ಇಟ್ಟರೆ ಅವರು ಎರಡು ಹೆಜ್ಜೆ ಹಾರುವುದುಂಟು. ಮೊಹೆಂಜೊದಾರೊವಿನಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ನೋಡಿ, ಹೊರಗಿನಿಂದ ಬಂದ ಆರ್ಯರು ನಡೆಸಿದ ಕೊಲೆ ಇದೆಂದು ಅವರು ಹೇಳಿದರು. ಮುಂದಿನ ವಿದ್ವಾಂಸರು ಪರಿಶೀಲಿಸಿ, ಅವೆಲ್ಲ ಒಂದೇ ಸಮಯದವೂ ಅಲ್ಲ, ಸಾಮೂಹಿಕ ಕೊಲೆಯ ಗುರುತೂ ಇಲ್ಲವೆಂದು ತೋರಿಸಿದರು. ಅರಿಕಮೇಡನ್ನು ರೋಮನ್ ವ್ಯಾಪಾರವೇ ಹುಟ್ಟಿಸಿದ ನೆಲೆಯೆಂಬಂತೆ ಅವರು ಬಗೆದಿದ್ದರು. 1989ರಿಂದ 1992ರವರೆಗೆ ವಿಮಲಾ ಬೇಗ್ಲಿ ಅವರ ನೇತೃತ್ವದಲ್ಲಿ ಮತ್ತೆ ಅಗೆದಾಗ, ರೋಮನ್ನರ ಮಡಿಕೆ ಬರುವುದಕ್ಕೆ ಬಹಳ ಮುಂಚೆಯೇ ಅಲ್ಲಿ ನಮ್ಮವರ ಊರಿತ್ತೆಂಬುದು ತಿಳಿಯಿತು. ಬ್ರಹ್ಮಗಿರಿಯ ಕಲ್ಲುಕೊಡಲಿಯ ಜನರನ್ನು ಅವರು ಕ್ರಿ.ಪೂ. 1000ದ ಈಚೆಗೆ ಇಟ್ಟಿದ್ದರು. ಇದ್ದಲಿನಿಂದ ಕಾಲವನ್ನು ಅಳೆಯುವ ವಿಧಾನ ಬಂದ ಮೇಲೆ ಆ ಸಂಸ್ಕೃತಿ ಇನ್ನೂ ಸಾವಿರ ವರ್ಷಕ್ಕೂ ಹೆಚ್ಚು ಹಳೆಯದೆಂದು ಸಿದ್ಧವಾಯಿತು. ಕಲ್ಲುವೃತ್ತಗಳ ಕಾಲವೂ ಹಿಂದಕ್ಕೆ ಸರಿಯಿತು.

ಆದರೆ ಅವರ ತಪ್ಪನ್ನು ತಿದ್ದಲು ಸಾಧ್ಯವಾದದ್ದು ಹೇಗೆ? ಅವರು ಪ್ರತಿಯೊಂದು ಪದರವನ್ನೂ ಅಳೆದು, ಬರೆದು, ಚಿತ್ರಿಸಿ, ಅಚ್ಚುಹಾಕಿಸಿ ಇಟ್ಟಿದ್ದರಿಂದ. ಅಗೆದ ಮೇಲೆ ಆ ನೆಲ ಮತ್ತೆ ಮೊದಲಿನಂತಾಗದು. ಓದಿದ ಪುಟವನ್ನು ಓದುತ್ತಲೇ ಸುಟ್ಟುಹಾಕುವ ಪುಸ್ತಕ ಅದು. ಆದುದರಿಂದ ಅಗೆದು ವರದಿ ಬರೆಯದವನು ಸಾರ್ವಜನಿಕರ ಸ್ವತ್ತನ್ನು ಹಾಳುಮಾಡಿದಂತೆಯೇ ಎಂಬುದು ಅವರ ದೃಢವಾದ ಅಭಿಪ್ರಾಯ. 1946ರಲ್ಲಿ ಅವರು ಆರಂಭಿಸಿದ ಏನ್ಷಂಟ್ ಇಂಡಿಯಾ ಎಂಬ ಪತ್ರಿಕೆಯಲ್ಲಿ ಅರಿಕಮೇಡು, ಹರಪ್ಪಾ, ಬ್ರಹ್ಮಗಿರಿಗಳ ವರದಿಗಳು ವರ್ಷ ಎರಡು ವರ್ಷಗಳಲ್ಲಿಯೇ ಹೊರಬಂದವು. ತಮ್ಮ ತೀರ್ಮಾನ ತಪ್ಪಾದರೂ ಮುಂದಿನವರು ಸರಿಪಡಿಸಲು ಬೇಕಾದ ಸಾಮಗ್ರಿಯನ್ನು ಅವರೇ ಕೈಗೆ ಕೊಟ್ಟು ಹೋದರು. ಪ್ರಾಮಾಣಿಕತೆಯೆಂದರೆ ಇದೇ ಎಂದು ನಾವು ಭಾವಿಸುತ್ತೇವೆ.

1948ರಲ್ಲಿ ಅವರು ಭಾರತದಿಂದ ಹಿಂದಿರುಗಿದರು. ಟೆಸ್ಸಾ ಅವರ ಜೊತೆಗೆ ಕಟ್ಟಿದ್ದ ಆ ಲಂಡನ್ ಸಂಸ್ಥೆಯಲ್ಲಿಯೇ ರೋಮನ್ ಪ್ರಾಂತಗಳ ಪ್ರಾಚ್ಯಶಾಸ್ತ್ರದ ಪ್ರಾಧ್ಯಾಪಕರಾದರು. 1949ರಿಂದ 1968ರವರೆಗೆ ಬ್ರಿಟಿಷ್ ಅಕಾಡೆಮಿಯ ಕಾರ್ಯದರ್ಶಿಯಾಗಿ ದುಡಿದರು. 1952ರಲ್ಲಿ ಸರ್ ಪದವಿ ಬಂತು. ದೂರದರ್ಶನದಲ್ಲಿ ಕಾಣಿಸಿಕೊಂಡು ಹಳೆಯ ವಸ್ತುಗಳ ಕಥೆಯನ್ನು ಮನೆಮನೆಗೂ ಮುಟ್ಟಿಸಿದರು. 1976ರ ಜುಲೈ 22ರಂದು, ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು.

ಅವರು ಬ್ರಹ್ಮಗಿರಿಯಲ್ಲಿ ಅಗೆಯುತ್ತಿದ್ದಾಗ ಆ ಕಡೆ ಮೈಸೂರು ಸಂಸ್ಥಾನ, ಈ ಕಡೆ ನಮ್ಮ ತಾಲ್ಲೂಕು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ನಾವು ಆಂಧ್ರಕ್ಕೆ ಸೇರಿದೆವು. ಮೇಲಿನ ಗೆರೆಗಳು ಹೀಗೆ ಬದಲಾಗುತ್ತವೆ. ಕೆಳಗಿನ ಪದರಗಳು ಗೆರೆಯನ್ನು ಅರಿಯವು. ಅಲ್ಲಿನಂಥ ಕಲ್ಲುವೃತ್ತಗಳು ಅನಂತಪುರದ ಸೀಮೆಯಲ್ಲಿಯೂ ಇವೆ. ಅಲ್ಲಿನಂಥ ಚೂರುಗಳನ್ನು ನಮ್ಮ ಹೊಲಗಳಲ್ಲಿಯೂ ನೇಗಿಲು ಎತ್ತಿಹಾಕುತ್ತದೆ.

ಆದುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿಯೂ ಅವರ ತಂದೆತಾಯಿಗಳಲ್ಲಿಯೂ ನಮ್ಮದೊಂದು ಬಿನ್ನಹ. ಹೊಲದಲ್ಲಿ ಕಲ್ಲುವೃತ್ತ ಕಂಡರೆ ನಿಧಿಯಾಸೆಯಿಂದ ಅದನ್ನು ಕೀಳಬೇಡಿ. ಅದರಲ್ಲಿರುವುದು ಹೊನ್ನಲ್ಲ, ಓಡು ಮತ್ತು ಮೂಳೆ. ಆದರೆ ಆ ಓಡು ಇದ್ದ ಜಾಗದಲ್ಲಿಯೇ ಇದ್ದರೆ ಹೊನ್ನಿಗಿಂತ ಬೆಲೆಯುಳ್ಳದ್ದು, ಕಿತ್ತೆಸೆದರೆ ಬರಿಯ ಓಡು. ಬಾವಿ ತೋಡುವಾಗಲೋ ಮನೆಗೆ ತಳಪಾಯ ತೆಗೆಯುವಾಗಲೋ ಏನಾದರೂ ಕಂಡರೆ ಎಷ್ಟು ಆಳದಲ್ಲಿ, ಯಾವ ಮಣ್ಣಿನಲ್ಲಿ, ಯಾವುದರ ಜೊತೆಯಲ್ಲಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಶಾಲೆಗೆ ತಿಳಿಸಿ. ಐವರಲ್ಲಿ ಒಬ್ಬರೇ ಉಳಿದು ನಾಲ್ವರ ಕೆಲಸವನ್ನೂ ಹೊತ್ತ ಆ ಮನುಷ್ಯ, ಹಾಗೂ ಹೆಸರಿಗೆ ಆಸೆಪಡದೆ ಅರ್ಧ ಭಾರ ಹೊತ್ತ ಆತನ ಪತ್ನಿ, ನಮ್ಮಿಂದ ಬಯಸಬಹುದಾದ ಕಾಣಿಕೆ ಇಷ್ಟೇ.